ಗಡ್ಡೆಯ ಅಂಬಿಗನೊಡನೆ ಕೊಲಂಬೊದಲ್ಲಿ ಹಾಯಿದೋಣಿ ನೋಡಿದ್ದು

ಹೊರಡುವ ಮೊದಲು

ಕಡಲು ದಾಟಿ ಹೋಗಿಬಂದವರು ಸಾಮಾನ್ಯವಾಗಿ ಎರಡು ಸಂಗತಿ ಹೇಳುತ್ತಾರೆ. ಅಲ್ಲಿ ರಸ್ತೆಗಳು ಬಹಳ ಸ್ವಚ್ಛ, ಊಟ ಮಾತ್ರ ಬಾಯಿಗೆ ಹತ್ತುವುದಿಲ್ಲ. ನಾನೂ ಕೊಲಂಬೊಗೆ ಹೋಗಿ ಬಂದೆ. ಆ ಎರಡನ್ನೂ ಊರಿನಲ್ಲಿ ನೂರು ಸಲ ಹೇಳಿ ಮುಗಿಸಿದ್ದೇನೆ. ಹೇಳದೆ ಉಳಿದದ್ದು ಒಂದಿದೆ, ಅದಕ್ಕಾಗಿ ಈ ಬರಹ.

ನಾನು ಯಲಬುರ್ಗಿಯವನು. ನಮ್ಮಲ್ಲಿ ನೀರು ಬಾವಿಯ ತಳದಲ್ಲಿರುತ್ತದೆ, ಅದನ್ನು ಹಗ್ಗ ಹಾಕಿ ಮೇಲೆಳೆಯುತ್ತೇವೆ. ನೀರಿನ ಮೇಲೆ ಕುಳಿತು ಗಾಳಿ ಸೇವಿಸುವ ಜನ ಇದ್ದಾರೆಂಬುದು ನನಗೆ ತಡವಾಗಿ ತಿಳಿದ ಸುದ್ದಿ. ಹೊಟ್ಟೆಪಾಡಿಗಾಗಿ ಗಂಗಾವತಿ ಕಡೆಯ ಒಬ್ಬ ದೇಸಾಯರ ವಾಡೆ ಸೇರಿದ್ದೆ. ದಿನಾ ಸಂಜೆ ಅವರಿಗೆ ಇಂಗ್ಲಿಷ್ ಪತ್ರಿಕೆ ಓದಿ ಅರ್ಥ ಹೇಳುವುದು ನನ್ನ ಕೆಲಸ. ಅರ್ಥ ಗೊತ್ತಾಗದ ಕಡೆ ಸರಕಾರದ ಮಹಿಮೆ ಹೇಳಿ ಮುಂದೆ ಹೋಗುತ್ತಿದ್ದೆ. ಅವರಿಗೂ ಅದೇ ಹೆಚ್ಚು ಇಷ್ಟವಾಗುತ್ತಿತ್ತು.

ಎರಡನೆಯ ದೊಡ್ಡ ಯುದ್ಧ ಮುಗಿದ ಮರುವರ್ಷ ಪತ್ರಿಕೆಯೊಂದರಲ್ಲಿ ಚಿತ್ರ ಬಂತು. ಬಿಳಿಯ ಹಾಯಿ ಬಿಚ್ಚಿದ ದೋಣಿ, ಅದರ ಮೇಲೆ ಕಾಲು ಚಾಚಿ ಕುಳಿತ ಒಬ್ಬ ದೊರೆ. ಕೊಲಂಬೊದ ದೊರೆಗಳು ತಮ್ಮ ದೇಶಕ್ಕೆ ಹೊರಟಿದ್ದಾರೆ, ಹೋಗುವಾಗ ತಮ್ಮ ವಿಹಾರದ ದೋಣಿಗಳನ್ನು ಮಾರುತ್ತಿದ್ದಾರೆ ಎಂದು ಕೆಳಗೆ ಬರೆದಿತ್ತು. ಓದಿ ಹೇಳಿದ್ದು ನನ್ನ ತಪ್ಪು. ಅಂದು ಗಂಟಲು ಕೆಟ್ಟಿದೆ ಎಂದಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ.

"ಮಾಸ್ತರ, ನಮ್ಮ ಹೊಳಿ ಏನ್ ಕಡಿಮಿ ಐತಿ?" ಎಂದರು ದೇಸಾಯರು. "ಹೈದರಾಬಾದಿಂದ ಸಾಹೇಬ್ರು ಬಂದಾಗ ಗಡ್ಡಿ ಹತ್ರ ಏನ್ ತೋರಸೂದು? ಆ ಕರೀ ಬುಟ್ಟಿ? ಅವನ್ನೆಲ್ಲಾ ತಗಸಿಬಿಡೂಣು. ಬಿಳೀ ಹಾಯಿ ಒಂದ ಕಾಣಬೇಕು ಅಲ್ಲಿ."

ಕರೀ ಬುಟ್ಟಿ ಎಂದರೆ ಹರಿಗೋಲು. ಹೊಳೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಿಂದ ಹಂಪಿಯ ದಡಕ್ಕೆ ಜನರನ್ನು, ಆಡುಗಳನ್ನು, ಭತ್ತದ ಚೀಲಗಳನ್ನು ದಾಟಿಸುತ್ತಿದ್ದವನು ಅಂಬಿಗರ ಹುಲಿಗೆಪ್ಪ. ಬಿದಿರು ಹೆಣೆದು ಚರ್ಮ ಹೊದಿಸಿದ ಮೂರು ಹರಿಗೋಲುಗಳು ಅವನವು. ದಾಟಿಸುವ ದಂಡೆ ದೇಸಾಯರದು. ಅವರು ಬೇಡ ಎಂದರೆ ಅವನು ಅಲ್ಲಿ ಒಂದು ಹುಟ್ಟನ್ನೂ ಊರುವಂತಿರಲಿಲ್ಲ.

"ಹುಲಿಗೆಪ್ಪನ್ನ ಕರಕೊಂಡು ಹೋಗ್ರಿ. ದೋಣಿ ಅವಗ ಗೊತ್ತು, ಇಂಗ್ಲಿಷ್ ನಿಮಗ ಗೊತ್ತು. ಇಬ್ಬರನೂ ಕೂಡಿಸಿದ್ರ ಒಬ್ಬ ಶಾಣ್ಯಾ ಆಗ್ತಾನ" ಎಂದರು. ತಮ್ಮ ಆಳುಗಳ ಬಗ್ಗೆ ಅವರಿಗೆ ಇಷ್ಟು ಅಭಿಮಾನವಿತ್ತು.

ಮಂಡಪಂ

ಪರದೇಶ ಕೊಲಂಬೊದಿಂದ ಶುರುವಾಗುತ್ತದೆ ಎಂದು ತಿಳಿದಿದ್ದೆ. ಹೊಸಪೇಟೆಯಲ್ಲೇ ಶುರುವಾಯಿತು. ಹುಲಿಗೆಪ್ಪ ಚಹಾ ಕುಡಿದು ನಮ್ಮ ನಿಜಾಮರ ನಾಣ್ಯ ಕೊಟ್ಟ. ಚಹಾದವನು ಅದನ್ನು ತಿರುಗಿಸಿ ನೋಡಿ, ಮಗುವಿಗೆ ಆಡಲು ಕೊಡು ಎಂದು ಹಿಂದಿರುಗಿಸಿದ. ಹೊಳೆಯ ಆಚೆ ದಡ ಬೇರೆ ಸರಕಾರದ್ದು ಎಂಬುದು ದಿನಾ ಹತ್ತು ಸಲ ಆ ದಡ ಮುಟ್ಟುವ ಹುಲಿಗೆಪ್ಪನಿಗೆ ಅಂದೇ ಮನಸ್ಸಿಗೆ ನಾಟಿತು.

ರೈಲುಗಳು ಮುಗಿದ ಮೇಲೆ ಕಡಲಂಚಿನ ಮಂಡಪಂ. ಲಂಕೆಗೆ ಹೋಗುವ ನಮ್ಮಂಥ ಬಡಜನರನ್ನು ಅಲ್ಲಿ ಕೆಲವು ದಿನ ಕೂಡಿಹಾಕಿ, ನಮ್ಮ ಮೈಯಲ್ಲಿ ರೋಗ ಇದೆಯೇ ಎಂದು ನೋಡುತ್ತಾರೆ. ದೊರೆಗಳ ಮೈಯಲ್ಲಿ ರೋಗವಿರುವುದಿಲ್ಲವಂತೆ, ಅವರು ನೇರವಾಗಿ ಹಡಗಿಗೆ ಹೋದರು. ಒಬ್ಬ ಅಧಿಕಾರಿ ಹುಲಿಗೆಪ್ಪನ ಗಂಟು ಬಿಚ್ಚಿಸಿದ. ಒಳಗೆ ನಲವತ್ತು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದ. ಅದು ಟಣ್ ಎಂದಿತು. ಇದೇನು ಎಂದು ಕೇಳಿದ. ಊಟ ಎಂದೆ. ಅವನು ನಂಬಲಿಲ್ಲ. ಹುಲಿಗೆಪ್ಪ ಒಂದನ್ನು ಅವನೆದುರೇ ಕಟಕಟ ತಿಂದು ತೋರಿಸಿದ ಮೇಲೆ, ಈ ಹಲ್ಲಿನ ಮನುಷ್ಯನಿಗೆ ಯಾವ ರೋಗವೂ ಇರಲಾರದು ಎಂದು ಬರೆದುಕೊಂಡ.

ಅಲ್ಲಿ ಕಾದು ಕುಳಿತ ದಿನಗಳಲ್ಲಿ ಹುಲಿಗೆಪ್ಪ ಒಂದೇ ಸಲ ಬಾಯಿಬಿಟ್ಟ.

"ಮಾಸ್ತರ, ದೋಣಿ ಬಂದ್ರ ನನ್ನ ಹರಗೋಲ ಹೋಗ್ತಾವ. ಗೊತ್ತೈತಲ್ರಿ?"

"ಗೊತ್ತೈತಿ."

"ನಮ್ಮ ಮುತ್ತ್ಯಾ ಹುಟ್ಟು ಹಿಡದ ದಂಡಿ ಅದು. ಮನ್ಯಾಗ ಒಂಬತ್ತ ಮಂದಿ ಅದೀವಿ. ನನಗ ಬ್ಯಾರೇ ಕೆಲಸ ಬರಂಗಿಲ್ಲ."

"ಹಂಗಾರ ಇದರಾಗ ತ್ರಾಸ ಏನೈತಿ? ನೋಡಿದ ದೋಣಿಗೆಲ್ಲಾ ಖೋಡಿ ತಗಿ, ಇದು ಸರಿ ಇಲ್ಲ, ಅದು ಸರಿ ಇಲ್ಲ ಅನ್ನು. ನಾ ಹಂಗ ಬರೀತೀನಿ."

ನಾನು ಜಾಣತನದ ಮಾತಾಡಿದೆ ಎಂದುಕೊಂಡಿದ್ದೆ. ಅವನು ನನ್ನನ್ನು ಆ ಅಧಿಕಾರಿ ರೊಟ್ಟಿ ನೋಡಿದ ಹಾಗೆ ನೋಡಿದ.

"ಇಲ್ಲದ ಖೋಡಿ ಹೆಂಗ ಹೇಳ್ಲಿರಿ? ನಾಳೆ ಹೊಳ್ಯಾಗ ನಿಂತು ಹುಟ್ಟು ಹಾಕಾಂವ ನಾ."

ಕೊಲಂಬೊ, ಮೊದಲ ದಿನ

ಊರು ಸ್ವಚ್ಛವಾಗಿದೆ. ಊಟ ಸರಿಯಿಲ್ಲ; ಮುಂಜಾನೆ ಶಾವಿಗೆಯನ್ನು ಉಂಡೆ ಮಾಡಿ ಬೇಯಿಸಿ, ಅದರ ಮೇಲೆ ಒಣಮೀನಿನ ಪುಡಿ ಉದುರಿಸಿ, ಇದರಲ್ಲಿ ಮಾಂಸ ಏನೂ ಇಲ್ಲ ಎಂದು ಹೇಳಿ ಬಡಿಸುತ್ತಾರೆ. ನಾನು ಬಾಳೆಹಣ್ಣಿನ ಮೇಲೆ ಜೀವ ಹಿಡಿದೆ. ಹುಲಿಗೆಪ್ಪ ಒಣಮೀನಿನ ಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು, "ಛಲೋ ಜನ ಅದಾರ್ರಿ" ಎಂದ.

ದೋಣಿ ತೋರಿಸಲು ಫರ್ನಾಂಡೊ ಎಂಬ ದಲ್ಲಾಳಿ ಬಂದ. ಬಿಳಿ ಸೂಟು, ಬಾಯಿತುಂಬ ನಗೆ. ನಮ್ಮನ್ನು ನೋಡಿ ನಗೆ ಅರ್ಧ ಆಯಿತು. ಅವನು ಮಹಾರಾಜನ ಪ್ರತಿನಿಧಿಗಳನ್ನು ನಿರೀಕ್ಷಿಸಿದ್ದ. ಬಂದವರಲ್ಲಿ ಒಬ್ಬನಿಗೆ ಛತ್ರಿ ಇತ್ತು, ಇನ್ನೊಬ್ಬನಿಗೆ ಅದೂ ಇರಲಿಲ್ಲ.

ಮೊದಲ ದೋಣಿ ಎರಡು ಕೂವೆಮರದ್ದು, ಎಂದರೆ ಹಾಯಿ ಕಟ್ಟುವ ಕಂಬ ಎರಡು. ಹತ್ತುವ ಮೊದಲು ಚಪ್ಪಲಿ ಬಿಡಬೇಕು ಎಂದ ಫರ್ನಾಂಡೊ. ನಮ್ಮ ಗುಡಿಗಳಲ್ಲಿ ಬೂಟು ಬಿಡಲು ಒಲ್ಲೆ ಎನ್ನುವ ದೊರೆಗಳು ಹಲಗೆಗೆ ಗೀರು ಬೀಳುತ್ತದೆಂದು ಇಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ. ದೇವರಿಗೆ ವಾರ್ನಿಷ್ ಹಚ್ಚಿದ್ದರೆ ಅವನಿಗೂ ಈ ಮರ್ಯಾದೆ ಸಿಗುತ್ತಿತ್ತು.

ಒಳಗೆ ಹಾಸಿಗೆ, ಒಲೆ, ಕನ್ನಡಿ, ಮದ್ಯದ ಗಾಜು ಇಡಲು ತೂತು ಕೊರೆದ ಮೇಜು. ನಾನು ಎಲ್ಲವನ್ನೂ ಬರೆದುಕೊಂಡೆ. ಹುಲಿಗೆಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದ.

"ಇದಕ್ಕ ಎಷ್ಟ ನೀರ ಬೇಕಂತ್ರಿ?"

ಕೆಳಗೆ ಸೀಸ ತುಂಬಿದ ದೊಡ್ಡ ಹೊಟ್ಟೆಯಿದೆ, ಏಳಡಿ ನೀರು ಬೇಕು, ಆ ಸೀಸವಿಲ್ಲದೆ ಗಾಳಿಗೆ ಮಗುಚುತ್ತದೆ ಎಂದು ಫರ್ನಾಂಡೊ ಹೆಮ್ಮೆಯಿಂದ ಹೇಳಿದ.

"ಬ್ಯಾಸಗ್ಯಾಗ ನಮ್ಮ ಹೊಳಿ ಎಮ್ಮಿ ಮೊಣಕಾಲಿಗೆ ಬರತೈತಿ. ನಟ್ಟ ನಡುವ ಬಂಡಿಗಲ್ಲು. ಧಣ್ಯಾರು ಇದನ್ನ ತಗೊಂಡ್ರ ಮನಿ ಮಾಡಿಕೊಂಡು ಇರಬೇಕ್ರಿ."

ಎರಡನೆಯದು ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಹುಲಿಗೆಪ್ಪ ತಳದ ಹಲಗೆ ಎತ್ತಿಸಿ ಬಗ್ಗಿ ಮೂಸಿದ. ಚರ್ಮ ಕೊಳೆತರೂ ಮರ ಕೊಳೆತರೂ ವಾಸನೆ ಒಂದೇ ಎಂದ. ಹೆಬ್ಬೆರಳಿನಿಂದ ಒತ್ತಿದ, ಹೆಬ್ಬೆರಳು ಉಗುರಿನ ತನಕ ಒಳಗೆ ಹೋಯಿತು. ಹಾಯಿ ತೋರಿಸಿ ಎಂದೆವು. ಅದರ ತುಂಬ ಕಪ್ಪು ಚುಕ್ಕೆಗಳು. ನಾನೂ ಏನಾದರೂ ಪರೀಕ್ಷೆ ಮಾಡಬೇಕಲ್ಲ ಎಂದು, ನಮ್ಮ ಕಡೆಯ ಭಾಗ್ಯನಗರದ ನೇಕಾರರು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುವ ಹಾಗೆ ಜಗ್ಗಿದೆ. ಅದು ಹಪ್ಪಳದಂತೆ ಹರಿಯಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ತಾಂತ್ರಿಕ ಪರೀಕ್ಷೆ ಅದೊಂದೇ. ಫರ್ನಾಂಡೊ, ಇದು ಬಹಳ ಅನುಭವಿ ಬಟ್ಟೆ ಎಂದ.

ಎರಡನೆಯ ದಿನ

ಮೂರನೆಯ ದೋಣಿಯನ್ನು ಅದರ ಒಡೆಯನೇ ನಡೆಸಿ ತೋರಿಸಿದ. ಕೆಂಪು ಮುಖದ ಮಾಜಿ ಸೈನಿಕ ದೊರೆ. ಒಂದೇ ಕೂವೆಮರ, ಮೂರು ಮೂಲೆಯ ಎತ್ತರದ ಹಾಯಿ. ಹಾಯಿಯ ಕೆಳಗಿನ ಅಂಚಿಗೆ ಒಂದು ಉದ್ದನೆಯ ಅಡ್ಡಮರ. ಗಾಳಿ ಬದಲಾದಾಗ ಆ ಅಡ್ಡಮರ ದೋಣಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೀಸಿಕೊಂಡು ಬರುತ್ತದೆ. ಇದು ನನಗೆ ಆಮೇಲೆ ಗೊತ್ತಾದ ವಿಷಯ.

ದೊರೆ ನನ್ನ ಕಡೆ ನೋಡಿ ಏನೋ ಕೂಗಿದ. ನಮ್ಮ ಕಡೆ ದೊಡ್ಡವರು ಕೂಗಿದರೆ ಎದ್ದು ನಿಲ್ಲುತ್ತೇವೆ. ಕುಳಿತೇ ಓಗೊಡುವುದು ಉದ್ಧಟತನ. ನಾನು ಎದ್ದು, ಛತ್ರಿಯನ್ನು ಕಂಕುಳಲ್ಲಿ ಇಟ್ಟು, ಕೈಮುಗಿದು, "ಸರ್" ಎಂದೆ. ಅಡ್ಡಮರ ಬಂದು ಕಪಾಳಕ್ಕೆ ಬಡಿಯಿತು. ಬಗ್ಗು ಎಂದು ಅವನು ಕೂಗಿದ್ದನಂತೆ. ಬಗ್ಗುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಆದರೆ ಎದ್ದು ನಿಂತು ಬಗ್ಗುವುದು ನಮ್ಮ ಪದ್ಧತಿ. ಛತ್ರಿ ಹಿಂದೂ ಮಹಾಸಾಗರದ ಪಾಲಾಯಿತು.

ನಾನು ತಲೆ ಹಿಡಿದುಕೊಂಡು ಕುಳಿತಿದ್ದಾಗ ಹುಲಿಗೆಪ್ಪ ಕೂವೆಮರವನ್ನು ತಬ್ಬಿಕೊಂಡು ಕಿವಿ ಇಟ್ಟು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ಕೆಳಗಿನಿಂದ ಮೇಲೆ ಬಡಿಯುತ್ತ ಹೋಗಿ ಎದೆಯ ಮಟ್ಟದಲ್ಲಿ ನಿಂತ. ಅಲ್ಲಿ ಬಟ್ಟೆ ಸುತ್ತಿ, ಮೇಲೆ ಬಣ್ಣ ಬಳಿದು, ಅಂದಕ್ಕೆ ಹಗ್ಗ ಬಿಗಿದಿದ್ದರು.

"ಇಲ್ಲಿ ಸೀಳೇತ್ರಿ. ಬಿದಿರು ಸೀಳಿದಾಗ ಹಿಂಗ ಸಪ್ಪಳ ಬರತೈತಿ."

ನಾನು ಅದನ್ನು ಇಂಗ್ಲಿಷಿಗೆ ಇಳಿಸಿದೆ. ದೊರೆಯ ಮುಖ ಇನ್ನೂ ಕೆಂಪಾಯಿತು. ಹಗ್ಗ ಬಿಚ್ಚಿ ತೋರಿಸಿ ಎಂದೆ, ಕಪಾಳದ ನೋವು ನನಗೆ ಧೈರ್ಯ ಕೊಟ್ಟಿತ್ತು. ಅವನು ಬಿಚ್ಚಲಿಲ್ಲ, ದಂಡೆಗೆ ತಂದು ಬಿಟ್ಟ.

ಮೂರು ದೋಣಿ ಹೋದವು. ಖೋಡಿ ಹುಡುಕು ಎಂದು ನಾನು ಹೇಳಿಕೊಡಬೇಕಾದ ಅಗತ್ಯವೇ ಇರಲಿಲ್ಲ. ದೊರೆಗಳು ಆ ಕೆಲಸ ತಾವೇ ಮಾಡಿಟ್ಟಿದ್ದರು. ಹುಲಿಗೆಪ್ಪನ ಹರಿಗೋಲು ಉಳಿಯಿತು ಎಂದು ಒಳಗೊಳಗೇ ಸಂತೋಷಪಟ್ಟೆ. ಅವನಿಗೂ ಆಗಿರಬೇಕು, ಆ ಸಂಜೆ ಎರಡು ರೊಟ್ಟಿ ಹೆಚ್ಚು ತಿಂದ.

ನಾಲ್ಕನೆಯ ದಿನ

ನಡುವಿನ ಒಂದು ದಿನ ಮಳೆ ಹೊಡೆಯಿತು. ಮರುದಿನ ಫರ್ನಾಂಡೊ, ಇನ್ನೊಂದಿದೆ, ಸಣ್ಣದು, ನೋಡುವಂಥದೇನಲ್ಲ ಎನ್ನುತ್ತ ಕರೆದುಕೊಂಡು ಹೋದ. ಊರ ಹೊರಗಿನ ಒಂದು ದೊಡ್ಡ ಕೆರೆಯ ದಂಡೆ. ಬಿಳಿ ಮೀಸೆಯ ಒಬ್ಬ ಮುದುಕ ದೊರೆ ಪೆಟ್ಟಿಗೆಯ ಮೇಲೆ ಕುಳಿತು ಹಗ್ಗದ ತುದಿ ಹೆಣೆಯುತ್ತಿದ್ದ. ಪಕ್ಕದಲ್ಲಿ ಹದಿನೈದು ಅಡಿಯ ತೇಗದ ದೋಣಿ. ಮಾರಲು ಮನಸ್ಸಿಲ್ಲ, ಆದರೆ ಹಡಗಿನಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಅವನು ನನಗೆ ಹೇಳಿದ. ಹೇಳುವಾಗ ನನ್ನನ್ನು ನೋಡಲಿಲ್ಲ, ದೋಣಿಯನ್ನು ನೋಡಿದ.

ಹುಲಿಗೆಪ್ಪ ದೋಣಿಯ ಸುತ್ತ ಎರಡು ಸುತ್ತು ಹಾಕಿ ಬಂದು, "ಬ್ವಾರಲ ಹಾಕಿಸ್ರಿ" ಎಂದ.

ಇದನ್ನು ವಿವರಿಸಬೇಕು. ಗಡ್ಡೆಯ ಅಂಬಿಗರು ಹರಿಗೋಲು ಪರೀಕ್ಷೆ ಮಾಡುವುದು ನೀರಿನಲ್ಲಲ್ಲ. ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಬಿಸಿಲಿಗೆ ನಿಂತು, ಒಳಗಿನ ಕತ್ತಲಲ್ಲಿ ಕಣ್ಣಾಡಿಸುತ್ತಾರೆ. ಎಲ್ಲಿ ಬೆಳಕಿನ ಚುಕ್ಕೆ ಕಂಡಿತೋ ಅಲ್ಲಿ ನೀರು ಬರುತ್ತದೆ. ಮೊದಲ ದಿನ ದೋಣಿ ಹತ್ತುವ ಮುಂಚೆಯೂ ಅವನು ಇದನ್ನೇ ಕೇಳಿದ್ದ. ಎರಡು ಕೂವೆಮರದ, ಹೊಟ್ಟೆಯಲ್ಲಿ ಸೀಸ ತುಂಬಿದ ದೋಣಿಯನ್ನು ಬೋರಲು ಹಾಕಿ ಎಂದು ನಾನು ಫರ್ನಾಂಡೊಗೆ ಹೇಳಿದಾಗ, ನಿಮ್ಮ ಮಹಾರಾಜರಿಗೆ ಆರೋಗ್ಯ ತಾನೇ ಎಂದು ಕೇಳಿದ್ದ.

ಮುದುಕ ದೊರೆ ನಗಲಿಲ್ಲ. ಎದ್ದು ಬಂದು ಕೂವೆಮರ ಕಳಚಿದ, ತಳದಿಂದ ಏನೋ ಒಂದು ಕಬ್ಬಿಣದ ಹಲಗೆ ಎಳೆದು ತೆಗೆದ. ನಾಲ್ಕು ಜನ ಸೇರಿ ದೋಣಿಯನ್ನು ಮಗುಚಿ ಕಲ್ಲುಗಳ ಮೇಲೆ ಕೂರಿಸಿದೆವು. ಹುಲಿಗೆಪ್ಪ ಒಳಗೆ ನುಸುಳಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಕೊನೆಗೆ ದನಿ ಬಂತು.

"ಮಾಸ್ತರ, ಎಲ್ಲೂ ಒಂದ ಚುಕ್ಕಿ ಬೆಳಕಿಲ್ರಿ. ನಡುವ ಮಾತ್ರ ಉದ್ದಕ್ಕ ಒಂದು ಬೆಳಕಿನ ಗೆರಿ ಐತಿ. ಇದೇನ ಕೇಳ್ರಿ."

ಮುದುಕನಿಗೆ ಕೇಳಿದೆ. ಅವನು ಮಾತಿನಲ್ಲಿ ಹೇಳದೆ ತಾನೂ ದೋಣಿಯ ಅಡಿಗೆ ನುಸುಳಿದ. ಆಮೇಲೆ ನಡೆದದ್ದಕ್ಕೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ಇಬ್ಬರ ನಾಲ್ಕು ಪಾದ ಹೊರಗೆ ಕಾಣುತ್ತಿದ್ದವು, ಎರಡು ಬಿಳಿ, ಎರಡು ಕಪ್ಪು, ನಾಲ್ಕರಲ್ಲೂ ಒಡೆದ ಹಿಮ್ಮಡಿ. ಹೊರಗೆ ಬಂದ ಹುಲಿಗೆಪ್ಪ ನನಗೆ ತಿಳಿಸಿ ಹೇಳಿದ. ತಳದ ನಡುವೆ ಉದ್ದಕ್ಕೆ ಒಂದು ಸೀಳು ಬೇಕೆಂದೇ ಬಿಟ್ಟಿದ್ದಾರೆ. ಅದರ ಮೇಲೆ ದೋಣಿಯೊಳಗೆ ಒಂದು ಎತ್ತರದ, ಕಿರಿದಾದ ಮರದ ಪೆಟ್ಟಿಗೆ. ನೀರು ಪೆಟ್ಟಿಗೆಯೊಳಗೆ ಏರಿ ಅಲ್ಲೇ ನಿಲ್ಲುತ್ತದೆ, ದೋಣಿಗೆ ಬರುವುದಿಲ್ಲ. ಆ ಪೆಟ್ಟಿಗೆಯಲ್ಲಿ ಕಬ್ಬಿಣದ ಹಲಗೆ. ನೀರು ಆಳವಿದ್ದರೆ ಹಗ್ಗ ಸಡಿಲಿಸಿ ಕೆಳಗೆ ಬಿಡುವುದು, ಆಗ ದೋಣಿ ಗಾಳಿಗೆ ಹೊರಳದೆ ನಿಲ್ಲುತ್ತದೆ. ಬಂಡೆ ಬಂದರೆ ಹಗ್ಗ ಜಗ್ಗಿ ಮೇಲೆತ್ತುವುದು.

"ಮ್ಯಾಲ ಎತ್ತಿದ್ರ ಎಷ್ಟ ನೀರ ಬೇಕು?" ಎಂದು ನಾನು ಕೇಳಿದೆ. ಉತ್ತರ ನನಗೆ ಬೇಡವಾಗಿತ್ತು.

"ಎಮ್ಮಿ ಮೊಣಕಾಲು ಸಾಕ್ರಿ."

ಕೂವೆಮರ ನಿಲ್ಲಿಸಿ ನೀರಿಗಿಳಿಸಿದರು. ನಾನು ದಂಡೆಯಲ್ಲೇ ಉಳಿದೆ, ಕಪಾಳ ಇನ್ನೂ ಊದಿತ್ತು. ಮುದುಕ ಹಾಯಿಯ ಹಗ್ಗವನ್ನು ಹುಲಿಗೆಪ್ಪನ ಕೈಗೆ ಕೊಟ್ಟ. ಗಾಳಿ ಹಾಯಿಯನ್ನು ತುಂಬಿತು, ದೋಣಿ ಒಂದು ಮಗ್ಗುಲಿಗೆ ವಾಲಿ ನೀರನ್ನು ಸೀಳಿಕೊಂಡು ಹೊರಟಿತು. ನಲವತ್ತು ವರ್ಷ ತೋಳು ಬೀಳುವ ತನಕ ಹುಟ್ಟು ಹಾಕಿದವನು ಅಂದು ಬೆರಳ ಸಂದಿಯಲ್ಲಿ ಒಂದು ಹಗ್ಗ ಹಿಡಿದು ಕುಳಿತಿದ್ದ. ಅವನು ನಗುತ್ತಿದ್ದದ್ದು ದಂಡೆಗೆ ಕಾಣುತ್ತಿತ್ತು. ಆ ಮುಖದಲ್ಲಿ ನಗೆ ನೋಡಿದ್ದು ನಾನು ಅದೇ ಮೊದಲು.

ದಂಡೆಗೆ ಬಂದು ಅವನು ಮೈಮೇಲಿನ ನೀರು ಒರೆಸಿಕೊಂಡ.

"ತಗೋರಿ ಅಂತ ತಾರ ಹೊಡೀರಿ, ಮಾಸ್ತರ."

"ಹುಲಿಗೆಪ್ಪ, ಇದು ಬಂದ್ರ ನಿನ್ನ ದಂಡಿ ಹೋಗ್ತೈತಿ."

"ಹೋಗ್ತೈತ್ರಿ."

"ಇದನ್ನ ನಿನ್ನ ಕೈಯಾಗ ಕೊಡ್ತಾರ ಅನ್ಕೊಂಡೀಯೇನು? ಧಣ್ಯಾರ ಅಳಿಯ ಅದಾನ, ಅವನ ಗೆಳ್ಯಾರು ಅದಾರ. ನಿನ್ನ ಅದರ ಹತ್ರ ಸುಳಿಗೊಡಂಗಿಲ್ಲ."

"ಗೊತ್ತೈತ್ರಿ. ಖರೇನ ದೋಣಿ ಅದು. ಖೋಡಿ ಇಲ್ಲ ಅದಕ್ಕ." ಹೇಳಿ ಮುದುಕನ ಜೊತೆ ಹಾಯಿ ಮಡಚಲು ಹೋದ.

ತಾರು ಕಚೇರಿ

ನಾನು ಸುಳ್ಳು ಬರೆಯುವವನಲ್ಲ. ಅದಕ್ಕೆ ಬೇಕಾದ ಧೈರ್ಯ ನನ್ನಲ್ಲಿ ಎಂದೂ ಇರಲಿಲ್ಲ. ತಂತಿಯ ಕಾಗದ ಮುಂದಿಟ್ಟುಕೊಂಡು ಬಹಳ ಹೊತ್ತು ನಿಂತೆ. ಹಿಂದಿನವನು ಕೆಮ್ಮಿದ. ಕೊನೆಗೆ ಹೀಗೆ ಬರೆದೆ: "ಮೂರು ದೋಣಿ ಕೆಟ್ಟವು. ನಾಲ್ಕನೆಯದರ ತಳದ ನಡುವೆ ಎರಡು ಮೊಳ ಉದ್ದದ ತೂತು. ಏನು ಅಪ್ಪಣೆ?"

ಒಂದಕ್ಷರ ಸುಳ್ಳಿಲ್ಲ. ಮೊಳವನ್ನು ನಾನೇ ಅಳೆದಿದ್ದೆ.

ಮರುದಿನ ಉತ್ತರ ಬಂತು: "ತೂತಿನ ದೋಣಿ ನೋಡಲು ಕೊಲಂಬೊ ಬೇಕಿತ್ತೆ? ಹೊರಟು ಬನ್ನಿ."

ಹುಲಿಗೆಪ್ಪನಿಗೆ ಓದಿ ಹೇಳಿದೆ, ನಾನು ಬರೆದದ್ದನ್ನೂ ಹೇಳಿದೆ. ಮೆಚ್ಚುತ್ತಾನೆ ಎಂದುಕೊಂಡಿದ್ದೆ. ಅವನು ಹೋಗಿ ಗಂಟು ಕಟ್ಟಿದ. ಹಡಗಿನಲ್ಲೂ ರೈಲಿನಲ್ಲೂ, ಗುಂತಕಲ್ಲಿನವರೆಗೆ ನನಗೆ ಬೆನ್ನು ಮಾಡಿಯೇ ಕುಳಿತ.

ವಾಡೆ

ದೇಸಾಯರು ತೂಗುಮಂಚದ ಮೇಲೆ ಕುಳಿತು ನಮ್ಮನ್ನು ವಿಚಾರಿಸಿಕೊಂಡರು. ನನ್ನ ಕಪಾಳದ ಊತ ನೋಡಿ, ಕೊಲಂಬೊದ ಹವಾ ಹತ್ತಿದೆ ಎಂದರು. ಆಮೇಲೆ ಅಂಗಳದಲ್ಲಿ ನಿಂತಿದ್ದ ಹುಲಿಗೆಪ್ಪನ ಕಡೆ ತಿರುಗಿದರು.

"ಏನೋ, ದೋಣಿ ತಳದಾಗ ತೂತು ಇತ್ತೇನು?"

"ಇತ್ರಿ."

"ನೀ ಕಣ್ಣಾರೆ ನೋಡಿದೇನು?"

"ನೋಡೇನ್ರಿ. ಅದರಾಗ ಕುಂತೂ ಬಂದೇನ್ರಿ."

ಹಾಗಾದರೆ ಮುಳುಗಲಿಲ್ಲವೇಕೆ ಎಂದು ಇನ್ನೊಂದೇ ಒಂದು ಪ್ರಶ್ನೆ ಬಂದರೆ ಎಲ್ಲ ಮುಗಿಯುತ್ತಿತ್ತು. ಅವನ ದಂಡೆ ಹೋಗುತ್ತಿತ್ತು, ಜೊತೆಗೆ ನನ್ನ ಅನ್ನವೂ. ಆದರೆ ತೂತು ಎಂದ ಮೇಲೆ ಮತ್ತೆ ಕೇಳುವುದೇನಿದೆ ಎಂದು ತಿಳಿಯುವವರೇ ದೊಡ್ಡವರು. ದೇಸಾಯರು ಹೊಟ್ಟೆ ಕುಣಿಸಿ ನಕ್ಕರು.

"ಬಿಳಿ ಮಂದಿ ತೂತಿನ ದೋಣ್ಯಾಗ ಕುಂತು ರಾಜ್ಯ ಆಳಿದ್ರು ನೋಡ್ರಿ ಮಾಸ್ತರ."

"ಆದರ ಧಣ್ಯಾರ," ಎಂದ ಹುಲಿಗೆಪ್ಪ ಒಂದು ಹೆಜ್ಜೆ ಮುಂದೆ ಬಂದು, "ಆ ತೂತು ಬ್ಯಾರೇ ನಮೂನಿದು ಐತ್ರಿ. ಅದು..."

"ಸಾಕ ಸಾಕು. ತೂತಿನಾಗ ಮತ್ತ ನಮೂನಿ ಬ್ಯಾರೇ. ಹೋಗು, ನಿನ್ನ ಬುಟ್ಟಿ ನೋಡಿಕೋ."

ಅವನು ಕೈಮುಗಿದು ಹೋದ. ತನ್ನ ಮನೆಯ ಒಂಬತ್ತು ಜನರ ಅನ್ನವನ್ನು ಕೈಯಾರೆ ಎತ್ತಿಕೊಡಲು ಬಂದವನನ್ನು ದೇಸಾಯರು ತಮ್ಮ ತಿರಸ್ಕಾರದಿಂದಲೇ ಕಾಪಾಡಿದರು. ಅವರು ಮಾಡಿದ ದೊಡ್ಡ ಉಪಕಾರ ಅದೊಂದೇ, ಅದೂ ಅವರಿಗೆ ತಿಳಿಯದೆ.

ಗಡ್ಡೆ

ಎರಡು ತಿಂಗಳ ಮೇಲೆ ಹಂಪಿಗೆ ಹೋಗಬೇಕಾಗಿ ದಂಡೆಗೆ ಬಂದೆ. ಹರಿಗೋಲಿನಲ್ಲಿ ಏಳೆಂಟು ಜನ, ಎರಡು ಆಡು. ಹುಲಿಗೆಪ್ಪ ನನ್ನನ್ನು ನೋಡಿ ಹುಟ್ಟಿನ ತುದಿಯಿಂದ ಒಂದು ಮಗ್ಗುಲು ತೋರಿಸಿದ. ಅಲ್ಲಿ ಚರ್ಮದ ಹೊಲಿಗೆ ಸಡಿಲಾಗಿ ನೀರು ಜಿನುಗುತ್ತಿತ್ತು.

"ಅಲ್ಲೇ ಕುಂದರ್ರಿ."

ಕುಳಿತೆ, ಧೋತರ ತೊಯ್ಯಿತು. ನಡುಹೊಳೆಗೆ ಬಂದಾಗ ತಡೆಯಲಾರದೆ ಕೇಳಿದೆ.

"ಇನ್ನೂ ಸಿಟ್ಟೈತೇನು? ನಿನ್ನ ದಂಡಿ ಉಳಿತಲ್ಲೋ. ನಾ ಸುಳ್ಳು ಬರದಿಲ್ಲ."

"ಖರೇನ ಬರದೀರಿ," ಎಂದ ಅವನು, ನೀರಿನಿಂದ ಕಣ್ಣು ತೆಗೆಯದೆ. "ನನ್ನ ಮಕ್ಕಳು ಉಣ್ಣಾಕತ್ಯಾವ, ಅದು ನಿಮ್ಮಿಂದ, ಇಲ್ಲ ಅನ್ನಂಗಿಲ್ಲ. ಆದರ ಆ ದೋಣಿ ಏನ ಮಾಡಿತ್ರಿ? ಸುಳ್ಳ ಖೋಡಿ ಹೊತ್ತು ಅಲ್ಲೇ ಕುಂತೈತಿ ಅದು. ಆ ಮುದುಕ ಏನ ಅನ್ಕೊಂಡಿರಬೇಕು, ಈ ಅಂಬಿಗಗ ದೋಣಿ ತಿಳಿಯಂಗಿಲ್ಲ ಅಂತ."

ನನಗೆ ನಾಚಿಕೆಯಾಗಿತ್ತು, ಈಗಲೂ ಆಗುತ್ತದೆ. ಆದರೆ ಅದೇ ತಾರು ಕಚೇರಿಯಲ್ಲಿ ಇನ್ನೊಮ್ಮೆ ನಿಲ್ಲಿಸಿದರೆ ಅದನ್ನೇ ಬರೆಯುತ್ತೇನೆ.

ಅವನು ಹುಟ್ಟು ತಿರುವಿದ. ಹರಿಗೋಲು ಒಂದು ಸುತ್ತು ತಿರುಗಿ ಬಂಡೆ ತಪ್ಪಿಸಿಕೊಂಡಿತು, ನನ್ನ ಕಡೆ ನೀರು ಇನ್ನಷ್ಟು ಬಂತು.

"ಅದರ ಮ್ಯಾಲ ಅಂಗೈ ಒತ್ತಿ ಹಿಡೀರಿ ಮಾಸ್ತರ," ಎಂದ ಹುಲಿಗೆಪ್ಪ. "ದಂಡಿ ಬರೂ ತನಕ ಬಿಡಬ್ಯಾಡ್ರಿ. ತೂತು ನಿಮಗ ಛಲೋ ತಿಳೀತಾವ."

ಆಚೆ ದಡ ಮುಟ್ಟುವ ತನಕ ಹಿಡಿದುಕೊಂಡೇ ಕುಳಿತಿದ್ದೆ.